ಆರದ ಉರಿಯೂತ: ದೊಡ್ಡಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಬಗೆ

ದೇಹದ ಯಾವುದೇ ಭಾಗಕ್ಕೆ ಗಾಯವಾದಾಗ ಅಥವಾ ಸೋಂಕು ತಗುಲಿದಾಗ ಅಲ್ಲಿಗೆ ಹೆಚ್ಚು ರಕ್ತ ಹರಿದುಬಂದು, ಬಿಳಿ ರಕ್ತಕಣಗಳು ನೆರೆದು, ಆ ಜಾಗ ಕೆಂಪೇರಿ ಊದಿಕೊಳ್ಳುವುದನ್ನು ವೈದ್ಯಶಾಸ್ತ್ರ ಉರಿಯೂತ ಎಂದು ಕರೆಯುತ್ತದೆ. ರೋಗಾಣುಗಳನ್ನು ಕೊಂದು, ಹಾಳಾದ ಜೀವಕೋಶಗಳನ್ನು ತೆರವುಗೊಳಿಸಿ, ಹೊಸ ಕೋಶಗಳಿಗೆ ಎಡೆಮಾಡಿಕೊಡುವ ಈ ದುರಸ್ತಿ ಕಾರ್ಯ ಕೆಲಸ ಮುಗಿದ ಮೇಲೆ ತಾನಾಗಿ ಅಡಗಬೇಕು. ಅಡಗದೆ ವರ್ಷಗಟ್ಟಲೆ ಮುಂದುವರಿದರೆ ದುರಸ್ತಿಯೇ ಹಾನಿಗೆ ಕಾರಣವಾಗುತ್ತದೆ. ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಚೋ ಅವರು ಗಡ್ಡೆಗಳೊಳಗೆ ಬಿಳಿ ರಕ್ತಕಣಗಳಿರುವುದನ್ನು ಗಮನಿಸಿ, ದೀರ್ಘಕಾಲದ ಉರಿಯೂತಕ್ಕೂ ಕ್ಯಾನ್ಸರಿಗೂ ಸಂಬಂಧವಿದೆಯೆಂದು 1863ರಷ್ಟು ಹಿಂದೆಯೇ ಸೂಚಿಸಿದ್ದರು. ಹೆಪಟೈಟಿಸ್ ಬಿ ವೈರಾಣುವಿನಿಂದ ಯಕೃತ್ತಿನಲ್ಲಿ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದ ಜಠರದಲ್ಲಿ ಈ ಸಂಬಂಧ ಅನಂತರ ದೃಢಪಟ್ಟಿತು. ಇದನ್ನು ಹಂತಹಂತವಾಗಿ ಗುರುತಿಸಲು ಸಾಧ್ಯವಾಗಿರುವ ಇನ್ನೊಂದು ಅಂಗವೆಂದರೆ ದೊಡ್ಡಕರುಳು.

ದೊಡ್ಡಕರುಳಿನಲ್ಲಿ ಬಿಡದೆ ಕಾಡುವ ಉರಿಯೂತಕ್ಕೆ ಮುಖ್ಯವಾಗಿ ಎರಡು ಕಾಯಿಲೆಗಳು ಕಾರಣ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಉರಿಯೂತವು ಗುದನಾಳದಲ್ಲಿ ಆರಂಭವಾಗಿ, ನಡುವೆ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತ, ಕರುಳಿನ ಒಳಮೈಯನ್ನು ಹೊದ್ದಿರುವ ಲೋಳೆಪೊರೆಯಲ್ಲಿ ಹುಣ್ಣುಗಳನ್ನು ಮೂಡಿಸುತ್ತದೆ. ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು 1932ರಲ್ಲಿ ವಿವರಿಸಿದ ಕ್ರೋನ್ಸ್ ಕಾಯಿಲೆಯಾದರೋ ಜೀರ್ಣನಾಳದ ಯಾವ ಭಾಗದಲ್ಲಾದರೂ ಅಲ್ಲಲ್ಲಿ ಕಾಣಿಸಿಕೊಂಡು ಕರುಳಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯಬಲ್ಲದು. ಆನುವಂಶಿಕ ಒಲವುಳ್ಳವರಲ್ಲಿ ರೋಗನಿರೋಧಕ ವ್ಯವಸ್ಥೆಯು ಕರುಳಿನ ಸಹಜ ಬ್ಯಾಕ್ಟೀರಿಯಾಗಳ ಮೇಲೆಯೇ ತಿರುಗಿಬೀಳುವುದು ಇವೆರಡರ ಮೂಲದಲ್ಲಿದೆ. ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದನ್ನು ಕಂಡುಕೊಂಡ ಮೇಲೆ, ಇದು ಪಾಶ್ಚಾತ್ಯರಿಗಷ್ಟೇ ಬರುವ ಕಾಯಿಲೆಯೆಂಬ ನಂಬಿಕೆಗೆ ಆಧಾರ ಉಳಿಯಲಿಲ್ಲ. ಆದರೂ ಮಲದಲ್ಲಿ ರಕ್ತ ಕಂಡರೆ ಉಷ್ಣವೆಂದೋ ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ತೀರ್ಮಾನಿಸಿ ಮನೆಮದ್ದಿನಲ್ಲಿ ಕಾಲ ಕಳೆಯುವುದು ನಮ್ಮಲ್ಲಿ ಸಾಮಾನ್ಯವಾಗಿದ್ದು, ರಕ್ತ ಮತ್ತು ಲೋಳೆ ಬೆರೆತ ಭೇದಿ ವಾರಗಟ್ಟಲೆ ನಿಲ್ಲದಿದ್ದಾಗಲೂ ತಜ್ಞರ ಬಳಿ ಹೋಗುವುದು ತಡವಾಗುತ್ತದೆ.

ಕ್ಯಾನ್ಸರಿನ ದಾರಿ ತಿಳಿಯಬೇಕಾದರೆ ಲೋಳೆಪೊರೆಯ ರಚನೆಯನ್ನು ಹತ್ತಿರದಿಂದ ನೋಡಬೇಕು. ಅದರ ತುಂಬ ಸೂಕ್ಷ್ಮದರ್ಶಕದಲ್ಲಿ ಮಾತ್ರ ಸ್ಪಷ್ಟವಾಗುವ ಲಕ್ಷಾಂತರ ಕುಳಿಗಳಿದ್ದು, ಪ್ರತಿ ಕುಳಿಯ ತಳದಲ್ಲಿ ಕೆಲವೇ ಆಕರಕೋಶಗಳು, ಅಂದರೆ ಬದುಕಿಡೀ ವಿಭಜಿಸುತ್ತ ಉಳಿದೆಲ್ಲ ಕೋಶಗಳಿಗೂ ಜನ್ಮ ನೀಡುವ ಮೂಲಕೋಶಗಳು ಇರುತ್ತವೆ. ಅಲ್ಲಿ ಹುಟ್ಟಿದ ಕೋಶಗಳು ಕುಳಿಯ ಗೋಡೆಯಗುಂಟ ಮೇಲೇರಿ ನಾಲ್ಕೈದು ದಿನಗಳಲ್ಲಿ ಉದುರಿ ಮಲದೊಡನೆ ಹೊರಹೋಗುವುದರಿಂದ ಮೇಲ್ಪದರದಲ್ಲಾದ ದೋಷ ಹೆಚ್ಚು ದಿನ ಉಳಿಯುವುದಿಲ್ಲ. ಆಕರಕೋಶದಲ್ಲಾದ ದೋಷ ಮಾತ್ರ ಅದರ ಸಂತತಿಗೆಲ್ಲ ಹರಿದುಬರುತ್ತದೆ. ಉರಿಯೂತವಿರುವಲ್ಲಿ ನೆರೆದ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲೆಂದು ತೀವ್ರ ಕ್ರಿಯಾಶೀಲವಾದ ಆಮ್ಲಜನಕ ಮತ್ತು ಸಾರಜನಕದ ಸಂಯುಕ್ತಗಳನ್ನು ಹೊರಸೂಸುತ್ತವೆ. ಇವು ಅಕ್ಕಪಕ್ಕದ ಕೋಶಗಳ ಡಿಎನ್‌ಎಯನ್ನೂ ಘಾಸಿಗೊಳಿಸುತ್ತವೆ. ಕೋಶ ವಿಭಜನೆಯಾಗುವಾಗ ಆ ಘಾಸಿ ಸರಿಯಾಗದೆ ಉಳಿದರೆ ವಂಶವಾಹಿಯ ಬರಹವೇ ತಪ್ಪಾಗಿ ನಕಲಾಗುತ್ತದೆ. ಈ ಶಾಶ್ವತ ಬದಲಾವಣೆಯೇ ಮ್ಯುಟೇಶನ್. ಇದೇ ಹೊತ್ತಿನಲ್ಲಿ ಹುಣ್ಣಿನಿಂದ ಖಾಲಿಯಾದ ಜಾಗವನ್ನು ತುಂಬಲು ಅಳಿದುಳಿದ ಆಕರಕೋಶಗಳು ವೇಗವಾಗಿ ವಿಭಜಿಸಬೇಕಾಗುವುದರಿಂದ ಘಾಸಿಯೂ ನಕಲೂ ಒಟ್ಟಿಗೇ ಹೆಚ್ಚುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಇನ್ನೂ ಕ್ಯಾನ್ಸರಿನ ಸುಳಿವಿಲ್ಲದ ಉರಿಯೂತಪೀಡಿತ ಕರುಳಿನಲ್ಲಿ ಮ್ಯುಟೇಶನ್‌ಗಳು ಸಹಜ ಕರುಳಿಗಿಂತ ಸುಮಾರು 2.4 ಪಟ್ಟು ವೇಗದಲ್ಲಿ ಕೂಡಿಕೊಳ್ಳುತ್ತವೆ.

ಕೆಟ್ಟ ಕೋಶವೊಂದು ಹುಟ್ಟಿದ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ಅದು ಸಾಯದೆ ಉಳಿದು ಬೆಳೆಯಬೇಕು. ಇದಕ್ಕೂ ಉರಿಯೂತವೇ ಅನುಕೂಲ ಮಾಡಿಕೊಡುತ್ತದೆ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶವಾಹಕ ಪ್ರೋಟೀನುಗಳು ಕೋಶದೊಳಗಿನ ಎನ್‌ಎಫ್-ಕಪ್ಪಾ-ಬಿ ಮತ್ತು ಸ್ಟಾಟ್-3 ಎಂಬ ವ್ಯವಸ್ಥೆಗಳನ್ನು ಚಾಲೂ ಮಾಡುತ್ತವೆ. ಇವು ಕೋಶಕ್ಕೆ ಬದುಕುವ ಮತ್ತು ವಿಭಜಿಸುವ ಆದೇಶ ನೀಡುವಂಥವು. ಕ್ಯಾಲಿಫೋರ್ನಿಯಾದ ಮೈಕೆಲ್ ಕರಿನ್ ಮತ್ತು ಸಂಗಡಿಗರು 2004ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಎನ್‌ಎಫ್-ಕಪ್ಪಾ-ಬಿಯನ್ನು ಚಾಲೂ ಮಾಡುವ ಕಿಣ್ವವನ್ನು ಕರುಳಿನ ಮೇಲ್ಪದರದ ಕೋಶಗಳಿಂದ ತೆಗೆದಾಗ ಗಡ್ಡೆಗಳ ಸಂಖ್ಯೆ ತೀವ್ರವಾಗಿ ಇಳಿಯಿತು. ಅದನ್ನೇ ಬಿಳಿ ರಕ್ತಕಣಗಳಿಂದ ತೆಗೆದಾಗ ಗಡ್ಡೆಗಳ ಗಾತ್ರ ಕುಗ್ಗಿತು. ಗಡ್ಡೆ ಹುಟ್ಟುವುದರಲ್ಲಿಯೂ ಬೆಳೆಯುವುದರಲ್ಲಿಯೂ ಉರಿಯೂತಕ್ಕೆ ಬೇರೆಬೇರೆ ಪಾತ್ರಗಳಿವೆಯೆಂಬುದು ಇದರಿಂದ ತಿಳಿದುಬಂತು. ಬ್ಯಾಕ್ಟೀರಿಯಾಗಳೂ ಸುಮ್ಮನಿರುವುದಿಲ್ಲ: ಇ. ಕೋಲೈನ ಕೆಲವು ತಳಿಗಳು ಕೊಲಿಬ್ಯಾಕ್ಟಿನ್ ಎಂಬ ವಿಷವನ್ನು ತಯಾರಿಸಿ ನೇರವಾಗಿ ಡಿಎನ್‌ಎಯನ್ನೇ ಕೆಡಿಸಬಲ್ಲವು.

ಉರಿಯೂತದ ಹಿನ್ನೆಲೆಯಿಲ್ಲದ ಸಾಮಾನ್ಯ ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಪಾಲಿಪ್‌ನಿಂದ, ಅಂದರೆ ಒಳಗೋಡೆಯ ಮೇಲೆ ಅಣಬೆಯಂತೆ ತಲೆಯೆತ್ತುವ ಸಣ್ಣ ಗಂಟಿನಿಂದ ಬೆಳೆಯುತ್ತದೆ. ಅದರಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಎಪಿಸಿ ಎಂಬ ವಂಶವಾಹಿ; ಡಿಎನ್‌ಎ ಹಾಳಾದಾಗ ವಿಭಜನೆಯನ್ನು ತಡೆಹಿಡಿಯುವ ಪಿ-53 ಕೆಡುವುದು ಕೊನೆಯ ಹಂತಗಳಲ್ಲಿ. ಕೊಲೈಟಿಸ್‌ನಿಂದ ಬರುವ ಕ್ಯಾನ್ಸರಿನಲ್ಲಿ ಈ ಕ್ರಮ ತಿರುವುಮುರುವಾಗಿ, ಕಾವಲುಗಾರನಾದ ಪಿ-53 ಆರಂಭದಲ್ಲೇ ಕೆಡುತ್ತದೆ. ಅಲ್ಲದೆ ಕೆಟ್ಟ ಕೋಶಗಳ ಸಂತತಿಯು ಗಂಟು ಕಟ್ಟದೆ ಚಪ್ಪಟೆಯಾಗಿ, ಏಕಕಾಲಕ್ಕೆ ಹಲವೆಡೆ ಹರಡಿಕೊಳ್ಳುವುದುಂಟು. ಕೋಶಗಳ ಆಕಾರ ಮತ್ತು ಜೋಡಣೆ ಕೆಟ್ಟಿದ್ದರೂ ಇನ್ನೂ ಆಳಕ್ಕೆ ಇಳಿಯದಿರುವ ಈ ಪೂರ್ವಸ್ಥಿತಿಗೆ ಡಿಸ್‌ಪ್ಲೇಸಿಯ ಎಂದು ಹೆಸರು.

ಅಪಾಯ ಎಲ್ಲರಿಗೂ ಒಂದೇ ಸಮನಾಗಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು, ಅಲ್ಸರೇಟಿವ್ ಕೊಲೈಟಿಸ್ ಉಳ್ಳವರಲ್ಲಿ ಕ್ಯಾನ್ಸರ್ ಬರುವ ಪ್ರಮಾಣ 10 ವರ್ಷಗಳಲ್ಲಿ ಶೇ. 2, 20 ವರ್ಷಗಳಲ್ಲಿ ಶೇ. 8 ಮತ್ತು 30 ವರ್ಷಗಳಲ್ಲಿ ಶೇ. 18 ಎಂದು ಲೆಕ್ಕಹಾಕಿತ್ತು. ಚಿಕಿತ್ಸೆ ಮತ್ತು ತಪಾಸಣೆ ಸುಧಾರಿಸಿದ ಮೇಲಿನ ಅಂಕಿಗಳು ಇದಕ್ಕಿಂತ ಬಹಳ ಕಡಿಮೆಯಿದ್ದು, 2012ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಒಟ್ಟಾರೆ ಅಪಾಯ ಜನಸಾಮಾನ್ಯರಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಎಳೆವಯಸ್ಸಿನಲ್ಲೇ ಕಾಯಿಲೆ ಬಂದವರು, ಅದು ಇಡೀ ದೊಡ್ಡಕರುಳಿಗೆ ಹಬ್ಬಿರುವವರು, ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್ ಇರುವವರು, ಪಿತ್ತನಾಳಗಳು ಉರಿಯೂತದಿಂದ ಗಡಸಾಗಿ ಕಿರಿದಾಗುವ ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್ ಜೊತೆಗಿರುವವರು ಈಗಲೂ ಹೆಚ್ಚಿನ ಅಪಾಯದಲ್ಲಿದ್ದಾರೆ. ಉರಿಯೂತ ಗುದನಾಳಕ್ಕಷ್ಟೇ ಸೀಮಿತವಾಗಿದ್ದರೆ ಅಪಾಯ ಗಣನೀಯವಾಗಿ ಹೆಚ್ಚುವುದಿಲ್ಲ.

ಕಾಯಿಲೆ ಆರಂಭವಾಗಿ ಸುಮಾರು 8 ವರ್ಷಗಳಾದಾಗ ನಿಗಾ ಕೊಲೊನೋಸ್ಕೊಪಿ ಮಾಡಿಸಿ, ಅನಂತರ ಅಪಾಯಕ್ಕೆ ತಕ್ಕಂತೆ 1ರಿಂದ 5 ವರ್ಷಗಳ ಅಂತರದಲ್ಲಿ ಪುನರಾವರ್ತಿಸಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಈ ಕಾರಣಕ್ಕೇ. ಪಿತ್ತನಾಳದ ಕಾಯಿಲೆಯೂ ಇರುವವರಿಗೆ ಅದು ಪತ್ತೆಯಾದಂದಿನಿಂದ ಪ್ರತಿ ವರ್ಷ ಇದು ಬೇಕಾಗುತ್ತದೆ. ರೋಗಿ ಹಿಂದಿನ ದಿನವೇ ಭೇದಿಪುಡಿ ಬೆರೆಸಿದ ನೀರು ಕುಡಿದು ಕರುಳನ್ನು ಖಾಲಿ ಮಾಡಿಕೊಂಡಿರುತ್ತಾನೆ. ಕ್ಯಾಮೆರಾವುಳ್ಳ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ದೊಡ್ಡಕರುಳಿನ ಆರಂಭದವರೆಗೆ ತೂರಿಸಿ, ಹೊರಗೆಳೆಯುತ್ತ ಬರುವಾಗ ಇಂಡಿಗೊ ಕಾರ್ಮೈನ್ ಅಥವಾ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಲೋಳೆಪೊರೆಗೆ ಸಿಂಪಡಿಸಿದರೆ ಬಣ್ಣವು ಏರುತಗ್ಗುಗಳನ್ನು ಎತ್ತಿತೋರಿಸಿ, ಮಾಮೂಲಿ ಬೆಳಕಿನಲ್ಲಿ ಕಣ್ತಪ್ಪಬಹುದಾದ ಚಪ್ಪಟೆ ಡಿಸ್‌ಪ್ಲೇಸಿಯದ ಅಂಚು ಗೋಚರಿಸುತ್ತದೆ. ಅನುಮಾನವಿರುವ ಕಡೆಯಿಂದ ಚೂರು ಅಂಗಾಂಶವನ್ನು ಬಯಾಪ್ಸಿಗೆ ಕಳುಹಿಸುತ್ತಾರೆ. ಅಂಚು ಸ್ಪಷ್ಟವಾಗಿರುವ ಭಾಗವನ್ನು ಬಹುಪಾಲು ಕೊಳವೆಯ ಮೂಲಕವೇ ಕತ್ತರಿಸಿ ತೆಗೆಯಬಹುದು. ಹಾಗೆ ತೆಗೆಯಲಾಗದಿದ್ದರೆ ಅಥವಾ ಹಲವೆಡೆ ಹರಡಿದ್ದರೆ ದೊಡ್ಡಕರುಳನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು.

ತಪಾಸಣೆ ಕ್ಯಾನ್ಸರನ್ನು ಬೇಗ ಹಿಡಿಯುತ್ತದೆ. ಅದು ಹುಟ್ಟದಂತೆ ನೋಡಿಕೊಳ್ಳಲು ಉರಿಯೂತವನ್ನು ನಿಜವಾಗಿ ಅಡಗಿಸಬೇಕು. ಮೆಸಾಲಮಿನ್, ಅಜಥಯೋಪ್ರಿನ್, ಟಿಎನ್‌ಎಫ್ ಅನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದ ಔಷಧಿಗಳ ಗುರಿ ಈಗ ಭೇದಿಯನ್ನು ನಿಲ್ಲಿಸುವುದಷ್ಟೇ ಆಗಿರದೆ, ಲೋಳೆಪೊರೆ ಸಂಪೂರ್ಣ ಮಾಯುವುದಾಗಿದೆ. ರಕ್ತಸ್ರಾವ ನಿಂತು ರೋಗಿಗೆ ಆರಾಮವೆನಿಸಿದ ಮೇಲೂ ಒಳಗೆ ಉರಿಯೂತ ಸಣ್ಣಗೆ ಮುಂದುವರಿಯಬಹುದಾದ್ದರಿಂದ, ಬಿಳಿ ರಕ್ತಕಣಗಳಿಂದ ಮಲಕ್ಕೆ ಸೇರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆದು ಅದನ್ನು ಅಂದಾಜಿಸುತ್ತಾರೆ. ಹುಷಾರಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ಕಳೆದುಕೊಳ್ಳುವುದು ಈ ಮಾಯುವ ಅವಕಾಶವನ್ನೇ. ಕಾಯಿಲೆ ಶುರುವಾದ ವರ್ಷವನ್ನು ನೆನಪಿಟ್ಟುಕೊಂಡು ವೈದ್ಯರಿಗೆ ತಿಳಿಸುವುದು, ಔಷಧಿಯನ್ನು ಅವರ ಸಲಹೆಯಿಲ್ಲದೆ ಬಿಡದಿರುವುದು ಮತ್ತು ತಪಾಸಣೆಯ ಸರದಿಯನ್ನು ತಪ್ಪಿಸದಿರುವುದು ರೋಗಿಯ ಕೈಯಲ್ಲೇ ಇರುವ ರಕ್ಷಣೆಗಳು.