ತೋಪಿನ ಪಕ್ಕದ ಪೆಟ್ಟಿಗೆ

ಬೋಫೋರ್ಸ್ ಎಂದರೆ ನಮಗೆ ನೆನಪಾಗುವುದು ಹಗರಣ, ಆಮೇಲೆ ಕಾರ್ಗಿಲ್. ಲಂಡನ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹದಲ್ಲಿರುವುದು ಅದೇ ಸ್ವೀಡನ್ ಕಂಪನಿಯ ಹಳೆಯ ವಿನ್ಯಾಸ: ಎರಡನೇ ಮಹಾಯುದ್ಧದ 40 ಎಂ.ಎಂ. ವಿಮಾನ ನಿರೋಧಕ ತೋಪು. ನಾಲ್ಕು ನಾಲ್ಕು ಗುಂಡುಗಳನ್ನು ಕೈಯಲ್ಲೇ ತುಂಬಬೇಕು. ನಿಮಿಷಕ್ಕೆ ಸುಮಾರು 120 ಹಾರುತ್ತಿದ್ದವು.

ಹಾರಿಸುವುದು ಸುಲಭ, ತಾಗಿಸುವುದು ಕಷ್ಟ. ಗಂಟೆಗೆ 400 ಕಿ.ಮೀ. ವೇಗದ ವಿಮಾನ ಸೆಕೆಂಡಿಗೆ 110 ಮೀಟರ್ ದಾಟುತ್ತದೆ. ಗುಂಡು ತಲುಪಲು ಮೂರು ಸೆಕೆಂಡು ಬೇಕಾದರೆ 330 ಮೀಟರ್ ಮುಂದಕ್ಕೆ, ಖಾಲಿ ಆಕಾಶಕ್ಕೇ ಗುರಿಯಿಡಬೇಕು. ಈ ಲೆಕ್ಕಕ್ಕಾಗಿ ಬ್ರಿಟಿಷ್ ಸೇನಾಧಿಕಾರಿ ಕೆರಿಸನ್ ಒಂದು ಪೆಟ್ಟಿಗೆ ರೂಪಿಸಿದರು. ಇಬ್ಬರು ದುರ್ಬೀನಿನಲ್ಲಿ ವಿಮಾನವನ್ನು ಹಿಂಬಾಲಿಸಿದರೆ ಒಳಗಿನ ಗಿಯರ್‌ಗಳು ಲೆಕ್ಕ ಹಾಕುತ್ತಿದ್ದವು, ಮೋಟಾರು ತೋಪನ್ನು ತಿರುಗಿಸುತ್ತಿತ್ತು. ಒಂದು ಸಾಲು ಕೋಡ್ ಇಲ್ಲದ ಕಂಪ್ಯೂಟರ್! ಸಾಫ್ಟ್‌ವೇರ್‌ನವನಾದ ನನಗೆ ಹೊಟ್ಟೆಕಿಚ್ಚು.

ಆದರೆ ತೂಕ 200 ಕಿಲೋಗೂ ಮೇಲೆ, ಜೊತೆಗೊಂದು ಜನರೇಟರ್. ಪದೇ ಪದೇ ಜಾಗ ಬದಲಿಸುವ ಸೈನಿಕರಿಗೆ ಅದು ಹೊರೆ. ಹಾಗಾಗಿ ‘ಸ್ಟಿಫ್ಕಿ ಸ್ಟಿಕ್’ ಬಂತು. ಒಬ್ಬ ನಿಂತುಕೊಂಡು ವಿಮಾನದ ವೇಗ, ದಿಕ್ಕನ್ನು ಕಣ್ಣಂದಾಜಿನಲ್ಲೇ ಹಿಡಿದು, ಕೈಯಿಂದ ಗುರಿಪಟ್ಟಿ ಸರಿಸಬೇಕು. ವಿಮಾನ ನೇರ ತನ್ನ ಮೇಲೆಯೇ ಎರಗುತ್ತಿದ್ದರೂ ಕಣ್ಣು ಕದಲಿಸುವಂತಿಲ್ಲ.

ವಿಮಾನ ನಿರೋಧಕ ತೋಪಿನ ಕೆಲಸಕ್ಕೆ ಭಾರತೀಯರನ್ನು ಸಜ್ಜುಗೊಳಿಸುವ ಮೊದಲ ತರಬೇತಿ ಕೇಂದ್ರ 1940ರಲ್ಲಿ ಶುರುವಾದದ್ದು ನಾವಿರುವ ಮುಂಬೈಯಲ್ಲೇ, ಕೊಲಾಬಾದಲ್ಲಿ. ಮರುವರ್ಷ ಅದು ಕರಾಚಿಗೆ ಹೋಯಿತು.