ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸ ಕಾರ್ಪೆಟ್: ಮುಚ್ಚುವ ಮೊದಲು ಬಿಚ್ಚಿ ನೋಡಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ಗಲ್ಫಿಗೆ ಹೋದ ನಮ್ಮ ಹುಡುಗರಲ್ಲಿ ಗ್ಯಾರೇಜ್ ಕೆಲಸ ಹಿಡಿದವರು ಕಡಿಮೆ ಏನಲ್ಲ. ಇಂಜಿನ್ ಕೆಲಸ, ಪೈಂಟಿಂಗ್, ಎಲೆಕ್ಟ್ರಿಕಲ್ ಅಂದರೆ ಎಲ್ಲರಿಗೂ ಗೌರವ. ಸೀಟು, ಡೋರ್ ಪ್ಯಾಡ್, ಕಾರ್ಪೆಟ್ ಮಾಡುವ ಕುಶನ್ ಕೆಲಸ ಅಂದರೆ ಮಾತ್ರ 'ಅದೇನು ಮಹಾ, ಬಟ್ಟೆ ಅಂಟಿಸುವುದಲ್ವಾ?' ಅನ್ನುವವರೇ ಜಾಸ್ತಿ. ಆದರೆ ಐವತ್ತು ವರ್ಷ ದಾಟಿದ ಒಂದು ಸ್ಪೋರ್ಟ್ಸ್ ಕಾರು ಮುಂದೆ ಬಂದು ನಿಂತಾಗ ಈ ಕೆಲಸದ ತೂಕ ಗೊತ್ತಾಗುತ್ತದೆ. ಸರಿಯಾಗಿ ಮಾಡಿದರೆ ಕಾರಿನ ಆಯಸ್ಸು ಹೆಚ್ಚುತ್ತದೆ. ತಪ್ಪಿದರೆ ಕಾರೂ ಹಾಳು, ಕೆಲವೊಮ್ಮೆ ಜೀವಕ್ಕೂ ಅಪಾಯ.

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳೋಣ: ಡಾಟ್ಸನ್ 240ಝಡ್.

ಯಾವ ಕಾರು ಇದು?

1969ರ ಅಕ್ಟೋಬರಿನಲ್ಲಿ ಜಪಾನಿನ ನಿಸ್ಸಾನ್ ಕಂಪನಿ 'ಫೇರ್‌ಲೇಡಿ ಝಡ್' ಎಂಬ ಎರಡು ಸೀಟಿನ ಕಾರನ್ನು ತೋರಿಸಿತು. ಅದೇ ಕಾರು 2.4 ಲೀಟರಿನ ಆರು ಸಿಲಿಂಡರ್ ಇಂಜಿನ್ ಹಾಕಿಕೊಂಡು ಅಮೆರಿಕಕ್ಕೆ ಹೋದಾಗ ಡಾಟ್ಸನ್ 240ಝಡ್ ಆಯಿತು. ಯುರೋಪಿನ ಸ್ಪೋರ್ಟ್ಸ್ ಕಾರುಗಳಿಗಿಂತ ಕಡಿಮೆ ಬೆಲೆಗೆ ಸಿಗುತ್ತಿದ್ದ ಈ ಕಾರು ಅಲ್ಲಿ ಭಾರೀ ಜನಪ್ರಿಯವಾಯಿತು. ಮುಂದೆ 260ಝಡ್, 280ಝಡ್ ಬಂದವು. 1978ರಲ್ಲಿ ಈ ಮಾದರಿ ನಿಂತಿತು.

ಇದರ ಒಳಭಾಗದಲ್ಲಿ ಮೂರು ಬಗೆಯ ಹೊದಿಕೆ ಇದೆ. ನೆಲಕ್ಕೆ ಕಾರ್ಪೆಟ್. ಗೇರ್ ಬಾಕ್ಸಿನ ಮೇಲಿನ ದಿಬ್ಬಕ್ಕೆ ಮತ್ತು ಹಿಂದಿನ ಶಾಕ್ ಅಬ್ಸಾರ್ಬರ್ ಕುಳಿತುಕೊಳ್ಳುವ ಗುಬ್ಬಿಗಳಿಗೆ ಡೈಮಂಡ್ ಡಿಸೈನಿನ ರೆಕ್ಸಿನ್. ಡಿಕ್ಕಿಯ ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ಪ್ಯಾನೆಲ್.

ಹಿಂದಿನ ಬಾಗಿಲಲ್ಲಿ ಇಳಿಜಾರಾದ ದೊಡ್ಡ ಗಾಜು ಇರುವುದರಿಂದ ಬಿಸಿಲು ನೇರ ಡಿಕ್ಕಿಯೊಳಗೆ ಬೀಳುತ್ತದೆ. ಐವತ್ತು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ, ಬಿಚ್ಚಲು ಕೈ ಹಾಕಿದರೆ ಸಾಕು, ಸ್ಕ್ರೂ ಕೂರುವ ಜಾಗದಲ್ಲೇ ಪಟ್ ಅಂತ ಒಡೆಯುತ್ತದೆ. ಆಗ ಮಾಲಕ ಕೇಳುತ್ತಾನೆ, 'ಇದನ್ನೆಲ್ಲ ತೆಗೆದು ಕಾರ್ಪೆಟ್ ಹಾಕಿಬಿಟ್ಟರೆ ಹೇಗೆ?'

ಹಾಕಬಹುದು. ಆದರೆ ಅದಕ್ಕೊಂದು ಕ್ರಮ ಇದೆ.

ಮೊದಲನೆಯದು: ಹಳೆಯದನ್ನು ಬಿಸಾಡಬೇಡಿ

ಒಡೆದ ಪ್ಯಾನೆಲ್ ಕಸ ಅಲ್ಲ, ಅದೇ ಅಳತೆ. ಎಲ್ಲಿ ತೂತು, ಎಲ್ಲಿ ಬಾಗು, ಎಲ್ಲಿ ಬೆಲ್ಟ್ ಹೊರಬರುತ್ತದೆ ಎಂಬುದೆಲ್ಲ ಅದರಲ್ಲಿದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸ್ಕ್ರೂ, ಕ್ಲಿಪ್‌ಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆಯಿರಿ.

ಸಣ್ಣ ಬಿರುಕು ಮಾತ್ರ ಇದ್ದರೆ ಪ್ಯಾನೆಲನ್ನೇ ಉಳಿಸಬಹುದು. ಅದು ಎಬಿಎಸ್ ಪ್ಲಾಸ್ಟಿಕ್ ಆಗಿದ್ದರೆ, ಅದೇ ಜಾತಿಯ ಪ್ಲಾಸ್ಟಿಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಗಂಜಿಯಂತೆ ಮಾಡಿ ಹಿಂಬದಿಯಿಂದ ಹಚ್ಚಿದರೆ ಬಿರುಕು ಬೆಸೆದುಕೊಳ್ಳುತ್ತದೆ.

ಮೂಲ ಸಾಮಾನಿಗೆ ಬೆಲೆ ಇದೆ ಎಂಬುದನ್ನು ಮರೆಯಬಾರದು. ಕಡಿಮೆ ಓಡಿದ, ಹಳೆಯ ರೂಪದಲ್ಲೇ ಉಳಿದಿದ್ದ 1971ರ ಒಂದು 240ಝಡ್ 2020ರ ಜನವರಿಯಲ್ಲಿ ಅಮೆರಿಕದ ಆನ್‌ಲೈನ್ ಹರಾಜಿನಲ್ಲಿ 3 ಲಕ್ಷ 10 ಸಾವಿರ ಡಾಲರಿಗೆ ಹೋಯಿತು. ಎಲ್ಲ ಕಾರಿಗೂ ಇಷ್ಟು ಸಿಗುವುದಿಲ್ಲ, ನಿಜ. ಆದರೂ ಬಿಚ್ಚಿದ ಸಾಮಾನು ಮಾಲಕನ ಅಮಾನತ್ತು. ಒಂದು ಚೂರೂ ಬಿಡದೆ ಅವನ ಕೈಗೆ ಕೊಡಬೇಕು. ಡೈಮಂಡ್ ರೆಕ್ಸಿನ್ ಈ ಕಾರಿನ ಗುರುತು. ಅದು ಚೆನ್ನಾಗಿದ್ದರೆ ಅದರ ಮೇಲೆ ಕಾರ್ಪೆಟ್ ಅಂಟಿಸುವ ಕೆಲಸಕ್ಕೆ ಹೋಗಬೇಡಿ, ಮಾಲಕ ಕೇಳಿದರೂ ಒಮ್ಮೆ ತಿಳಿಸಿ ಹೇಳಿ.

ಎರಡನೆಯದು: ಅಡಿಯಲ್ಲಿ ಏನಿದೆ?

ಇಲ್ಲಿಯೇ ಕೆಲಸಗಾರನ ಪರೀಕ್ಷೆ. 240ಝಡ್‌ನ ನೆಲದಲ್ಲಿ ಸದ್ದು ಕಡಿಮೆ ಮಾಡಲು ಡಾಂಬರಿನಂತಹ ಹಾಳೆ ಅಂಟಿಸಿರುತ್ತಾರೆ. ಕಾಲ ಕಳೆದಂತೆ ಅದು ಬಿರಿಯುತ್ತದೆ, ಬಿರುಕಿನ ಮೂಲಕ ನೀರು ಇಳಿದು ಅಡಿಯಲ್ಲೇ ಕೂರುತ್ತದೆ. ಮೇಲೆ ನೋಡಿದರೆ ನೆಲ ಗಟ್ಟಿ, ಅಡಿಯಲ್ಲಿ ತುಕ್ಕು ತಗಡನ್ನು ತಿಂದಿರುತ್ತದೆ. ಡಿಕ್ಕಿ ಬಾಗಿಲಿನ ರಬ್ಬರ್ ಹೋದರೆ ಸ್ಟೆಪ್ನಿ ಇಡುವ ಗುಂಡಿಯಲ್ಲೂ ನೀರು ನಿಲ್ಲುತ್ತದೆ.

ಈ ಹಾಳೆ ತೆಗೆಯಲು ಡ್ರೈ ಐಸ್ ಬಳಸುವವರಿದ್ದಾರೆ. ಚಳಿಗೆ ಹಾಳೆ ಗಾಜಿನಂತಾಗಿ ಸುತ್ತಿಗೆಯಲ್ಲಿ ತಟ್ಟಿದರೆ ಉದುರುತ್ತದೆ. ಆದರೆ ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈ ಆಕ್ಸೈಡ್. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬಳಸಿದರೆ ಉಸಿರಾಡುವ ಗಾಳಿಯೇ ಇಲ್ಲದಂತಾಗುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಹೊರಗೆ, ದಪ್ಪ ಗ್ಲೌಸ್ ಹಾಕಿಕೊಂಡೇ ಮಾಡಬೇಕು.

ಮತ್ತೊಂದು ಮುಖ್ಯ ವಿಷಯ. ಅಮೆರಿಕಕ್ಕೆ ಹೋದ 240ಝಡ್‌ಗಳಲ್ಲಿ ಪೆಟ್ರೋಲ್ ಆವಿ ಹಿಡಿಯುವ ಸಣ್ಣ ಟ್ಯಾಂಕೊಂದು ಹಿಂದಿನ ಬದಿಯ ಪ್ಯಾನೆಲಿನ ಒಳಗೆ, ಅಂದರೆ ಕಾರಿನ ಕ್ಯಾಬಿನ್ನಿನೊಳಗೇ ಇದೆ. ಅದಕ್ಕೆ ರಬ್ಬರ್ ಪೈಪುಗಳು. ಪೈಪು ಹಳೆಯದಾಗಿ ಬಿರಿದರೆ ಒಳಗೆಲ್ಲ ಪೆಟ್ರೋಲ್ ವಾಸನೆ. ಪ್ಯಾನೆಲ್ ಬಿಚ್ಚಿದ ದಿನವೇ ಆ ಪೈಪುಗಳನ್ನು ಬದಲಿಸಬೇಕು. ನೋಡದೆ ಮೇಲೆ ಕಾರ್ಪೆಟ್ ಬಡಿದರೆ ನೀವು ಮುಚ್ಚಿದ್ದು ಬೆಂಕಿಯನ್ನು. ಟೈಲ್ ಲೈಟಿನ ಗ್ಯಾಸ್ಕೆಟ್, ಡಿಕ್ಕಿ ರಬ್ಬರ್ ಸರಿ ಇಲ್ಲದಿದ್ದರೆ ಸೈಲೆನ್ಸರ್ ಹೊಗೆ ಒಳಬರುತ್ತದೆ. ಅದನ್ನೂ ಇದೇ ಹೊತ್ತಿಗೆ ಮಾಡಿಸಿ.

ತುಕ್ಕು ಉಜ್ಜಿ, ತೂತಿದ್ದರೆ ತಗಡು ಹಾಕಿ ವೆಲ್ಡ್ ಮಾಡಿಸಿ, ಎಪಾಕ್ಸಿ ಪ್ರೈಮರ್ ಹೊಡೆದು, ಜೋಡಣೆಗೆ ಸೀಲರ್ ಹಚ್ಚಿದ ಮೇಲೆಯೇ ಮುಂದಿನ ಕೆಲಸ.

ಮೂರನೆಯದು: ಯಾವ ಕಾರ್ಪೆಟ್?

ಮನೆಗೆ ಹಾಕುವ ಕಾರ್ಪೆಟ್ ಕಾರಿಗೆ ಬೇಡ. ಕಾರಿನೊಳಗಿನ ವಸ್ತು ಎಷ್ಟು ವೇಗವಾಗಿ ಉರಿಯಬಹುದು ಎಂಬುದಕ್ಕೆ ನಿಯಮ ಇದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ಪ್ರಕಾರ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಬೆಂಕಿ ಹರಡಬಾರದು. ಖರೀದಿಸುವಾಗ ಈ ಪರೀಕ್ಷೆ ಪಾಸಾದ ಮಾಲು ಎಂದು ಕೇಳಿ ತೆಗೆದುಕೊಳ್ಳಿ.

ಪಾಲಿಪ್ರೊಪಿಲೀನ್ ನೂಲು ನೀರು ಹೀರುವುದಿಲ್ಲ, ಬೆಲೆಯೂ ಕಡಿಮೆ. ಆದರೆ ಸುಮಾರು 160 ಡಿಗ್ರಿಗೆ ಕರಗುತ್ತದೆ. ನೈಲಾನ್ 6 ಸುಮಾರು 220 ಡಿಗ್ರಿವರೆಗೆ ತಡೆಯುತ್ತದೆ, ಕಾಲಿನ ಉಜ್ಜಾಟಕ್ಕೂ ಗಟ್ಟಿ. ಆದ್ದರಿಂದ ಕೆಳಗೆ ಬಿಸಿ ಇರುವ, ಕಾಲು ತಾಗುವ ನೆಲಕ್ಕೆ ನೈಲಾನ್ ಒಳ್ಳೆಯದು. ಗುಬ್ಬಿಯಂತಹ ಉರುಟು ಜಾಗಕ್ಕೆ ಹಿಂಬದಿಗೆ ರಬ್ಬರ್ ಇಲ್ಲದ, ಎಳೆದರೆ ಹಿಗ್ಗುವ ತೆಳು ಕಾರ್ಪೆಟ್ ಬೇಕು. ದಪ್ಪದ್ದು ಹಾಕಿದರೆ ಮಡಿಕೆ ಬೀಳುತ್ತದೆ.

ಅಡಿಗೆ ಸೆಣಬಿನ ಫೆಲ್ಟ್ ಹಾಕುವ ಹಳೆ ಪದ್ಧತಿ ನಮ್ಮ ಕರಾವಳಿಗೆ ಆಗದು. ಮಳೆಗಾಲದಲ್ಲಿ ಅದು ನೀರು ಹೀರಿದರೆ ಒಣಗುವುದೇ ಇಲ್ಲ. ನೀರು ಹೀರದ ಫೋಮ್ ಉತ್ತಮ.

ನಾಲ್ಕನೆಯದು: ಅಂಟಿಸುವ ಕ್ರಮ

ಕಾರಿನ ತಗಡಿಗೆ ನೇರವಾಗಿ ಕಾರ್ಪೆಟ್ ಅಂಟಿಸುವುದನ್ನು ಆದಷ್ಟು ತಪ್ಪಿಸಿ. ಹಳೆ ಪ್ಯಾನೆಲ್ ಇಟ್ಟು ರಟ್ಟಿನಲ್ಲಿ ನಮೂನೆ ಕತ್ತರಿಸಿ, ಅದರಂತೆ ತೆಳು ಪ್ಲಾಸ್ಟಿಕ್ ಶೀಟಿನಲ್ಲಿ ಹೊಸ ಪ್ಯಾನೆಲ್ ಮಾಡಿ, ಅದಕ್ಕೆ ಕಾರ್ಪೆಟ್ ಹೊದಿಸಿ, ಹಳೆಯ ತೂತುಗಳಲ್ಲೇ ಸ್ಕ್ರೂ ಹಾಕಿ. ನಾಳೆ ಬೇಕೆಂದರೆ ಬಿಚ್ಚಬಹುದು. ಹಾರ್ಡ್‌ಬೋರ್ಡ್ ಬೇಡ, ತೇವಕ್ಕೆ ಉಬ್ಬುತ್ತದೆ.

ಕಾರ್ಪೆಟಿಗೆ ಕೂದಲಿನ ಹಾಗೆ ದಿಕ್ಕಿದೆ. ಕೈಯಾಡಿಸಿ ನೋಡಿ ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಬರುವಂತೆ ಗುರುತು ಹಾಕಿ. ಇಲ್ಲದಿದ್ದರೆ ಒಂದೇ ಬಣ್ಣದ್ದು ಎರಡು ಬಣ್ಣದಂತೆ ಕಾಣುತ್ತದೆ. ಹಿಂಬದಿಯಿಂದ ಕತ್ತರಿಸಿ, ಮಡಚಲು ಎರಡು ಮೂರು ಸೆಂಟಿಮೀಟರ್ ಹೆಚ್ಚು ಬಿಡಿ.

ಕಾಂಟ್ಯಾಕ್ಟ್ ಗಮ್ಮನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಕೂತರೆ ಸರಿಸಲು ಆಗದು, ನಡುವಿನಿಂದ ಶುರು ಮಾಡಿ ಬದಿಗೆ ಹೋಗಿ. ಬಿಸಿಲಿಗೆ ನಿಂತ ಕಾರಿನೊಳಗೆ ಸಾದಾ ಸ್ಪ್ರೇ ಗಮ್ ಮೆತ್ತಗಾಗಿ ಬಿಡುತ್ತದೆ. ಶಾಖ ತಡೆಯುವ ಗಮ್ ಬೇಕು.

ಹುಡುಗರೇ, ಗಮ್ಮಿನ ಹೊಗೆಯನ್ನು ಹಗುರವಾಗಿ ಕಾಣಬೇಡಿ. ಅದರಲ್ಲಿ ಟೊಲುವೀನ್, ಹೆಕ್ಸೇನ್‌ನಂತಹ ದ್ರಾವಕ ಇರುತ್ತದೆ. ಹೆಕ್ಸೇನ್ ಬಹಳ ಕಾಲ ಉಸಿರಿಗೆ ಹೋದರೆ ಕೈಕಾಲಿನ ನರಗಳಿಗೆ ಪೆಟ್ಟಾಗುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಗಾಳಿ ಆಡಬೇಕು, ಹತ್ತಿರ ಸಿಗರೇಟು, ವೆಲ್ಡಿಂಗ್ ಇರಬಾರದು. ಧಣಿ ಮಾಸ್ಕ್ ಕೊಡದಿದ್ದರೆ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಐದನೆಯದು: ಬೆಲ್ಟ್, ಪೆಡಲ್, ವಯರ್

ಕಾರ್ಪೆಟಿಗೆ ಡ್ರಿಲ್ ಹಾಕಬೇಡಿ, ನೂಲು ಬಿಟ್‌ಗೆ ಸುತ್ತಿ ಉದ್ದಕ್ಕೆ ಕಿತ್ತು ಬರುತ್ತದೆ. ಸೂಜಿಯಿಂದ ತೂತು ಹುಡುಕಿ, ಬಿಸಿ ಮಾಡಿದ ಸೋಲ್ಡರಿಂಗ್ ಐರನ್‌ನಿಂದ ತೂತು ಮಾಡಿ. ಈ ಕೆಲಸ ಗಮ್ ಹಚ್ಚುವ ಮೊದಲೇ ಆಗಬೇಕು. ಸೀಟ್ ಬೆಲ್ಟಿನ ಬೋಲ್ಟ್ ಇರುವಲ್ಲಿ ಕಾರ್ಪೆಟನ್ನು ದುಂಡಗೆ ಕತ್ತರಿಸಿ ತೆಗೆಯಿರಿ. ಕಬ್ಬಿಣಕ್ಕೆ ಕಬ್ಬಿಣವೇ ಕೂರಬೇಕು. ನಡುವೆ ಮೆತ್ತನೆಯ ಕಾರ್ಪೆಟ್ ಸಿಕ್ಕಿದರೆ ಬೋಲ್ಟ್ ದಿನ ಕಳೆದಂತೆ ಸಡಿಲವಾಗುತ್ತದೆ.

ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು ನೋಡಿ. ಕಾರ್ಪೆಟ್ ಎಲ್ಲೂ ತಾಗಬಾರದು. 2009ರಲ್ಲಿ ಅಮೆರಿಕದಲ್ಲಿ ಫ್ಲೋರ್ ಮ್ಯಾಟ್ ಪೆಡಲಿಗೆ ಸಿಕ್ಕಿಹಾಕಿಕೊಳ್ಳುವ ಅಪಾಯಕ್ಕಾಗಿ ಟೊಯೋಟಾ ಕಂಪನಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಸಣ್ಣ ಮ್ಯಾಟ್ ಎಂದು ಅಸಡ್ಡೆ ಸಲ್ಲದು. ವಯರುಗಳು ಪ್ಯಾನೆಲಿನ ಅಡಿ ಜಜ್ಜಿಹೋಗದಂತೆ ನೋಡಿ, ಸ್ಕ್ರೂ ಅವುಗಳೊಳಗೆ ಇಳಿಯದಿರಲಿ.

ಮುಚ್ಚಿದ್ದು ಯಾರಿಗೂ ಕಾಣದು

ಪ್ರವಾದಿ (ಸ) ಅವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು, ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಈ ಹದೀಸನ್ನು ಮದ್ರಸದಲ್ಲಿ ನಾವೆಲ್ಲ ಕೇಳಿದವರೇ.

ಕಾರ್ಪೆಟಿನ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇರೆ ಇಲ್ಲ. ಒಣ ಕಾರ್ಪೆಟ್ ಮೇಲೆ, ಒದ್ದೆ ತುಕ್ಕು ಅಡಿಗೆ. ತುಕ್ಕು ಕಂಡರೆ ಫೋಟೋ ತೆಗೆದು ಮಾಲಕನಿಗೆ ತೋರಿಸಿ. ಖರ್ಚು ಜಾಸ್ತಿ ಎಂದು ಅವನು ಬೇಡ ಎಂದರೆ ಅದು ಅವನ ತೀರ್ಮಾನ. ಆದರೆ ಗೊತ್ತಿದ್ದೂ ಹೇಳದೆ ಮುಚ್ಚಿದರೆ, ಮುಂದೆ ಆ ಕಾರನ್ನು ಯಾರು ಕೊಂಡುಕೊಳ್ಳುತ್ತಾರೋ ಅವರಿಗೂ ಮೋಸ ಮಾಡಿದಂತೆ. ಅಡಿಯಲ್ಲಿ ಏನಿದೆ ಎಂದು ಧೈರ್ಯವಾಗಿ ತೋರಿಸುವ ಕೆಲಸಗಾರನನ್ನು ಹುಡುಕಿಕೊಂಡು ಜನ ಬರುತ್ತಾರೆ. ಆ ದುಡಿಮೆಯಲ್ಲಿ ಬರಕತ್ತೂ ಇರುತ್ತದೆ.