ಅಂಚೆ ಬರುವಾಗ ಕಂಪ್ಯೂಟರ್ ಕುಂಟುವುದೇಕೆ?

ಚಾತುರ್ಮಾಸ ಸಮೀಪಿಸಿತೆಂದರೆ ನಮ್ಮ ಬಸದಿಯ ಕಚೇರಿಗೆ ಈ-ಮೇಲ್‌ಗಳ ಮಳೆಯೇ ಸುರಿಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಊರುಗಳಿಂದ ಕಾರ್ಯಕ್ರಮ ಪತ್ರಿಕೆಗಳು, ಪಂಚಕಲ್ಯಾಣದ ಫೋಟೋಗಳು, ವಧೂವರರ ವಿವರಗಳು. ಹೋದ ವರ್ಷ ಅಂಚೆ ತರಿಸುವ ಗುಂಡಿ ಒತ್ತಿದ ಕೂಡಲೇ ಕಚೇರಿಯ ಹಳೆಯ ಕಂಪ್ಯೂಟರ್ ಕುಂಟತೊಡಗಿತು. ಲೆಕ್ಕದ ಹಾಳೆ ತೆರೆಯದು, ಬಾಣದ ಗುರುತು ಅಲುಗದು. ಹತ್ತು ಪತ್ರ ಬರುವುದರೊಳಗೆ ಅಭಿಷೇಕ ನೋಡಿ ಬರಬಹುದಾಗಿತ್ತು! ಬೇಸತ್ತ ತರುಣನೊಬ್ಬ ಆಂಟಿವೈರಸ್ಸನ್ನೇ ಕಿತ್ತುಹಾಕಲು ಹೊರಟ. ತಡೆದು ಕಾರಣ ಹುಡುಕಿದೆವು.

ನಮ್ಮ ಮನೆಗಳಲ್ಲಿ ನೀರು ಸೋಸದೆ ಕುಡಿಯುವುದಿಲ್ಲವಷ್ಟೆ. ಬಾವಿಕಟ್ಟೆಯಲ್ಲಿ ಸೋಸಿದ್ದನ್ನು ಹೊಸ್ತಿಲಲ್ಲಿ ಸೋಸಿ, ಕೂಡಲೇ ಒಲೆಯ ಮುಂದೆ ಇನ್ನೊಮ್ಮೆ ಸೋಸಿದರೆ ಅಡುಗೆ ಆಗುವುದು ಯಾವಾಗ? ಕಂಪ್ಯೂಟರಿನಲ್ಲಿ ನಡೆದದ್ದು ಇದೇ. ಆಂಟಿವೈರಸ್ಸಿನ ಅಂಚೆ ವಿಭಾಗ ಸರ್ವರಿಗೂ ಅಂಚೆ ತಂತ್ರಾಂಶಕ್ಕೂ ನಡುವೆ ಕುಳಿತು ಪ್ರತಿ ಪತ್ರವನ್ನೂ ಹಿಡಿದು ನೋಡುತ್ತದೆ. ಫೋಟೋ ಲಗತ್ತುಗಳು ಅಕ್ಷರರೂಪಕ್ಕೆ ತಿರುಗಿ ಬರುವುದರಿಂದ 6 ಎಂಬಿ ಫೋಟೋ ದಾರಿಯಲ್ಲಿ ಸುಮಾರು 8 ಎಂಬಿ ಆಗಿರುತ್ತದೆ. ಅದನ್ನು ಮೊದಲಿನ ರೂಪಕ್ಕೆ ತರಬೇಕು, ಜಿಪ್ ಗಂಟಿದ್ದರೆ ಬಿಚ್ಚಬೇಕು, ಆಮೇಲೆ ತಪಾಸಣೆ. ಪತ್ರ ಡಿಸ್ಕಿಗೆ ಇಳಿದಾಗ ಕಡತಗಳ ಕಾವಲುಗಾರ ಮತ್ತೆ ನೋಡುತ್ತಾನೆ. ಲಗತ್ತು ತೆರೆದಾಗ ಮೂರನೆಯ ಸಲ.

ಥಂಡರ್‌ಬರ್ಡ್‌ನಂಥ ತಂತ್ರಾಂಶದಲ್ಲಿ ಇನ್ನೊಂದು ತೊಡಕಿದೆ. ಒಳಬಂದ ಪತ್ರಗಳೆಲ್ಲ ಸಾಮಾನ್ಯವಾಗಿ ಒಂದೇ ದೊಡ್ಡ ಕಡತದಲ್ಲಿ ಸೇರುತ್ತವೆ. ಹೊಸ ಪತ್ರವೊಂದು ಬಾಲಕ್ಕೆ ಅಂಟಿದರೂ ಕಡತ ಬದಲಾಯಿತೆಂದು ಕಾವಲುಗಾರ ತಲೆಯಿಂದ ಓದತೊಡಗಬಹುದು. ಅಳಿಸಿದ ಪತ್ರಗಳೂ, ಕಡತವನ್ನು ಸಂಕ್ಷೇಪಿಸುವ ತನಕ, ಅದರಲ್ಲೇ ಕುಳಿತಿರುತ್ತವೆ. ನಿಧಾನವನ್ನಾದರೂ ಸಹಿಸಬಹುದು. ಆದರೆ ಒಂದು ಬೆಳಿಗ್ಗೆ ನಮ್ಮ ಪೆಟ್ಟಿಗೆಯೇ ಬರಿದಾಗಿತ್ತು! ಯಾವುದೋ ಒಂದು ಪತ್ರದಲ್ಲಿ ವೈರಸ್ ಕಂಡು ಆಂಟಿವೈರಸ್ ಇಡೀ ಕಡತವನ್ನೇ ಬಂಧನದಲ್ಲಿಟ್ಟಿತ್ತು. ದಾನಿಗಳ ಪತ್ರ, ಜೀರ್ಣೋದ್ಧಾರದ ಎಂಟು ವರ್ಷಗಳ ವ್ಯವಹಾರ ಎಲ್ಲವೂ ಅದರಲ್ಲಿ. ಅಳಿಸಿರಲಿಲ್ಲ, ಹಿಂತಿರುಗಿ ಬಂತು. ಅಧ್ಯಕ್ಷರಿಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಹಾಗೆಂದು ಆಂಟಿವೈರಸ್ ಬೇಡವೆನ್ನುವಂತಿಲ್ಲ. 2000ದ ಮೇ 4ರಂದು ಫಿಲಿಪೈನ್ಸ್‌ನಿಂದ ಹೊರಟ 'ಐ ಲವ್ ಯು' ಹುಳು ಪ್ರೇಮಪತ್ರದ ವೇಷದ ಲಗತ್ತಾಗಿಯೇ ಲೋಕವೆಲ್ಲ ಸುತ್ತಿತು. ಕಡತದ ಹೆಸರಿನ ಕೊನೆಯ ಮೂರಕ್ಷರವನ್ನು ವಿಂಡೋಸ್ ಮರೆಮಾಚಿದ್ದರಿಂದ ಜನ ಅದನ್ನು ಬರಿಯ ಬರಹವೆಂದೇ ತೆರೆದರು. ಸೋಸಿದ ನೀರಿಗೂ ಮರ್ಯಾದೆ ಒಂದು ಮುಹೂರ್ತ, 48 ನಿಮಿಷ. ಆಂಟಿವೈರಸ್ಸಿನ ಪಟ್ಟಿಯೂ ಹಾಗೆಯೇ ಹಳಸುತ್ತದೆ, ದಿನವೂ ಹೊಸದಾಗಬೇಕು. ನಿನ್ನೆ ಗುರುತು ಸಿಗದ ವೈರಸ್ ಇಂದು ಸಿಕ್ಕೀತು. ಆದ್ದರಿಂದ ಲಗತ್ತು ತೆರೆಯುವಾಗಿನ ತಪಾಸಣೆಯೇ ಮುಖ್ಯ.

ನಾವು ಮಾಡಿದ್ದಿಷ್ಟು. ಮೊದಲು ಅಂಚೆಯ ಕಡತಗಳ ಪ್ರತಿ ತೆಗೆದೆವು. ಆಂಟಿವೈರಸ್ಸಿನಲ್ಲಿ ಈ-ಮೇಲ್ ತಪಾಸಣೆಯೊಂದನ್ನೇ ನಿಲ್ಲಿಸಿ, ಸದಾ ಎಚ್ಚರವಿರುವ ಕಾವಲನ್ನು ಹಾಗೆಯೇ ಬಿಟ್ಟೆವು. ಥಂಡರ್‌ಬರ್ಡ್‌ನ ಭದ್ರತಾ ಪುಟದಲ್ಲಿ, ಬರುವ ಪತ್ರಗಳನ್ನು ಒಂದೊಂದಾಗಿ ಬಂಧಿಸಲು ಆಂಟಿವೈರಸ್ಸಿಗೆ ಅನುಮತಿ ಕೊಡುವ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿದೆವು. ಹಳೆಯ ಪತ್ರಗಳನ್ನು ವರ್ಷವಾರು ಬೇರೆ ಕಡತಗಳಿಗೆ ಸಾಗಿಸಿ ಸಂಕ್ಷೇಪಿಸಿದೆವು. ಯಾರೋ ಹಾಕಿಟ್ಟಿದ್ದ ಎರಡನೆಯ ಆಂಟಿವೈರಸ್ಸನ್ನು ತೆಗೆದೆವು. ಎರಡು ಕಾವಲುಗಾರರು ಪರಸ್ಪರರನ್ನೇ ಹಿಡಿಯುತ್ತಾರೆ. ಬ್ರೌಸರಿನಲ್ಲೇ ಅಂಚೆ ಓದುವವರಿಗೆ ಈ ಉಪದ್ವ್ಯಾಪ ಯಾವುದೂ ಬೇಕಾಗಿಲ್ಲ.

ಒಂದು ಕೊರತೆ ಉಳಿಯಿತು. ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಲಿಂಕುಗಳನ್ನು ಅಂಚೆ ವಿಭಾಗ ಎಷ್ಟೋ ಸಲ ಮೊದಲೇ ತೋರಿಸುತ್ತಿತ್ತು. ಈಗ ಅದಕ್ಕೆ ನಮ್ಮ ಕಣ್ಣೇ ಕಾವಲು. ಆದ್ದರಿಂದ ಹಣದ ವಿಷಯವಿರುವ ಪತ್ರ ಬಂದರೆ, ಕಳುಹಿಸಿದವರಿಗೆ ಫೋನ್ ಮಾಡಿ ಕೇಳಿಯೇ ತೆರೆಯುವುದೆಂದು ಸಮಿತಿಯಲ್ಲಿ ಠರಾವು ಮಾಡಿದ್ದೇವೆ. ಅಂಚೆಯ ಪ್ರತಿಯಿರುವ ಪೆನ್‌ಡ್ರೈವ್ ಭಂಡಾರದ ಬೀಗದ ಕೈಗಳ ಜೊತೆಗಿದೆ.